ಕಾಣದ ಫಲಕ, ಕಟ್ಟದ ದಂಡ



ಭಾನುವಾರದ ಎರಡನೇ ಬಲಿಪೂಜೆ ಮುಗಿದು ಜನರೆಲ್ಲ ಚದುರಿದ ಮೇಲೂ ಒಬ್ಬ ಯುವಕ ಚರ್ಚಿನ ಮೆಟ್ಟಿಲ ಬಳಿ ನಿಂತೇ ಇದ್ದ. ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದ. ತೋರಿಸಲೋ ಬೇಡವೋ ಎಂಬಂತೆ ಅದನ್ನು ಒಮ್ಮೆ ಜೇಬಿಗೆ ಹಾಕುವನು, ಮತ್ತೆ ತೆಗೆಯುವನು. "ಏನಪ್ಪಾ, ಮದುವೆ ಕಾಗದವೇ?" ಎಂದು ತಮಾಷೆ ಮಾಡಿದೆವು. "ಅಲ್ಲ ಫಾದರ್, ಪೊಲೀಸಿನೋರ ಕಾಗದ" ಎಂದ. ಅವನ ಮುಖ ನೋಡಿ ನಮ್ಮ ನಗು ಅಲ್ಲಿಗೇ ನಿಂತಿತು.

ಯುವಕನ ಊರು ಭೈರವಾನಿತಿಪ್ಪದ ಕಡೆ. ಅವನ ತಾಯಿಯ ತವರು ನಮ್ಮ ಧರ್ಮಕೇಂದ್ರ. ಹಬ್ಬ ಹುಣ್ಣಿಮೆಗೆ, ಹಿರಿಯರ ವರ್ಷದ ಪೂಜೆಗೆ ಆ ಕುಟುಂಬ ಇಲ್ಲಿಗೇ ಬರುತ್ತದೆ. ಭೈರವಾನಿತಿಪ್ಪ ಎಂದರೆ ಹಲವರಿಗೆ ಅಣೆಕಟ್ಟಿನ ನೆನಪು ಬಂದೀತು. ನಮ್ಮ ಜನ ಹಗರಿ ಎಂದು ಕರೆಯುವ ವೇದಾವತಿ ನದಿ ಚಿತ್ರದುರ್ಗದ ನೆಲವನ್ನು ಹಾದು, ಅಲ್ಲಿ ಆಂಧ್ರದೊಳಗೆ ಒಂದು ಸುತ್ತು ಹೋಗಿ, ಮತ್ತೆ ಬಳ್ಳಾರಿಯ ಕಡೆ ಬಂದು ತುಂಗಭದ್ರೆಯನ್ನು ಸೇರುತ್ತದೆ. ನದಿಗೆ ಗಡಿ ತಿಳಿಯದು. ಮನುಷ್ಯರಿಗೆ ತಿಳಿಯುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಹೋದವು. ಮಡಕಶಿರಾ ಕಡೆಯ ಕನ್ನಡದ ಮನೆಗಳೂ ಗಡಿಯ ಆಚೆಗೇ ಉಳಿದವು. ಆ ಮಡಕಶಿರಾ 2022ರಿಂದ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ರೇಖೆಗಳು ಬದಲಾಗುತ್ತವೆ, ಅಡುಗೆಮನೆಯ ಮಾತು ಮಾತ್ರ ಬದಲಾಗುವುದಿಲ್ಲ.

ಈ ಯುವಕನ ಮನೆಮಾತು ಕನ್ನಡ, ಶಾಲೆಯಲ್ಲಿ ಓದಿದ್ದು ತೆಲುಗು. ಕನ್ನಡದಲ್ಲಿ ಹಾಡುತ್ತಾನೆ, ಜಗಳ ಆಡುತ್ತಾನೆ, ಜಪಸರ ಹೇಳುತ್ತಾನೆ. ಕನ್ನಡ ಓದು ಎಂದರೆ ಮಾತ್ರ ತಡವರಿಸುತ್ತಾನೆ. ಎರಡೂ ಲಿಪಿಗಳು ಅಕ್ಕತಂಗಿಯರಂತೆ ಇರುವುದರಿಂದ ಕುಳಿತು ಓದಿದರೆ ಅಕ್ಷರಗಳನ್ನು ಕೂಡಿಸಿಕೊಳ್ಳಬಲ್ಲ. ಗಾಡಿಯ ಚಕ್ರ ತಿರುಗುತ್ತಿರುವಾಗ ಅದು ಆಗುವ ಕೆಲಸವಲ್ಲ.

ನಡೆದದ್ದು ಇಷ್ಟು. ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಮೂಟೆಗಳನ್ನು ಟಾಟಾ ಏಸ್ ಗಾಡಿಯಲ್ಲಿ ಹೇರಿಕೊಂಡು ಕರ್ನಾಟಕದ ಒಂದು ಪಟ್ಟಣಕ್ಕೆ ಬಂದಿದ್ದ. ಊರಿನ ಹೆಸರು ಇಲ್ಲಿ ಬೇಡ. ಅಂಗಡಿ ಹುಡುಕುತ್ತಾ ಒಂದು ಓಣಿಗೆ ತಿರುಗಿದ. ನೂರು ಅಡಿ ಹೋಗುವಷ್ಟರಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. "ಇದು ಏಕಮುಖ ಸಂಚಾರದ ರಸ್ತೆ, ಬೋರ್ಡು ಕಾಣಲಿಲ್ಲವೇ?" ಎಂದರು. ಇವನು ಇಳಿದು ಹಿಂದಕ್ಕೆ ನಡೆದು ಹೋಗಿ ನೋಡಿದ. ಬೋರ್ಡು ಇತ್ತು. ಹಳದಿ ಬಣ್ಣ ಬಳಿದ ಚೌಕಾಕಾರದ ತಗಡು. ಮೇಲಿನ ಮುಕ್ಕಾಲು ಪಾಲಿನಲ್ಲಿ ಒಂದು ಬಟ್ಟೆ ಅಂಗಡಿಯ ಹೆಸರು, ಫೋನ್ ನಂಬರು, ಸೀರೆಯ ಚಿತ್ರ. ಕೆಳಗೆ ಗೇಣಗಲದ ಜಾಗದಲ್ಲಿ ಹಸಿರು ಅಕ್ಷರದಲ್ಲಿ 'ಏಕಮುಖ ಸಂಚಾರ' ಎಂಬ ಎರಡು ಪದ. ಅದರ ಮೇಲೂ ಹೊಂಗೆ ಮರದ ಕೊಂಬೆ ಬಾಗಿತ್ತು. "ನಾನು ಅದನ್ನ ಸೀರೆ ಅಂಗಡಿ ಬೋರ್ಡು ಅಂದುಕೊಂಡೆ ಫಾದರ್" ಎಂದ.

ದಂಡ 500 ರೂಪಾಯಿ. ಪಕ್ಕದಲ್ಲಿ ನಿಂತಿದ್ದ ಯಾರೋ ಒಬ್ಬರು ಇನ್ನೊಂದು ದಾರಿಯನ್ನೂ ಕಿವಿಯಲ್ಲಿ ಹೇಳಿದರಂತೆ: ಇನ್ನೂರು ಕೊಟ್ಟು ರಸೀದಿ ಕೇಳದೆ ಹೋಗಿಬಿಡು. ಇವನು ಎರಡನ್ನೂ ಮಾಡಲಿಲ್ಲ. ಕಾಗದ ಬರೆಸಿಕೊಂಡು ಬಂದ. ಕಟ್ಟದಿದ್ದರೆ ಇಂಥ ದಿನ ನ್ಯಾಯಾಲಯಕ್ಕೆ ಬರಬೇಕೆಂದು ಅದರಲ್ಲಿತ್ತು.

ನಾವು ಕೊಟ್ಟ ಬುದ್ಧಿವಾದ

ನಾವು ಏನು ಹೇಳಿದೆವು ಗೊತ್ತೇ? "ಐನೂರು ರೂಪಾಯಿ ತಾನೇ, ಕಟ್ಟಿಬಿಡಪ್ಪಾ. ಕೋರ್ಟು ಕಚೇರಿ ನಿನಗೇಕೆ? ಎರಡು ದಿನದ ಬಾಡಿಗೆ ಹೋದರೆ ಅದಕ್ಕಿಂತ ಹೆಚ್ಚು ನಷ್ಟ" ಎಂದೆವು. ಲೋಕಜ್ಞಾನದ ಮಾತೇ ಅದು. ಯಾವ ಹಿರಿಯರೂ ಹಾಗೆಯೇ ಹೇಳಿಯಾರು.

ಅವನು ತಲೆ ತಗ್ಗಿಸಿಕೊಂಡು ಹೇಳಿದ: "ತಪ್ಪು ಮಾಡಿದ್ದರೆ ಕಟ್ಟುತ್ತಿದ್ದೆ ಫಾದರ್. ಕಟ್ಟಿದರೆ ತಪ್ಪು ಮಾಡಿದೆ ಅಂತ ಒಪ್ಪಿಕೊಂಡ ಹಾಗಲ್ಲವಾ? ಪಾಪನಿವೇದನೆಯಲ್ಲಿ ಮಾಡದ ಪಾಪ ಹೇಳಬಾರದು ಅಂತ ನೀವೇ ಹೇಳಿದ್ದಿರಿ."

ಬಂಧುಗಳೇ, ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಈ ಅಂಕಣದಲ್ಲಿ ಅದನ್ನು ಮುಚ್ಚಿಡುವುದು ಸರಿಯಲ್ಲ. ಅದಕ್ಕೂ ಒಂದು ವರ್ಷ ಮೊದಲು ರೋಗಿಯೊಬ್ಬರನ್ನು ನೋಡಿಕೊಂಡು ಹಿಂದಿರುಗುವಾಗ ನಾವೇ ಪ್ರವೇಶವಿಲ್ಲದ ರಸ್ತೆಗೆ ಬೈಕು ನುಗ್ಗಿಸಿದ್ದೆವು. ಅಲ್ಲಿದ್ದದ್ದು ತಗಡಿನ ಸೀರೆ ಬೋರ್ಡಲ್ಲ. ದುಂಡಗಿನ ಕೆಂಪು ಫಲಕ, ನಡುವೆ ಬಿಳಿಯ ಅಡ್ಡಪಟ್ಟಿ, ಹಗಲು ಬೆಳಕು, ಎದುರಿಗೇ. ಹೋಗುವಾಗಲಾದರೆ ರೋಗಿಯ ನೆಪ ಹೇಳಬಹುದಿತ್ತು. ಹಿಂದಿರುಗುವಾಗ ಅದೂ ಇರಲಿಲ್ಲ. ಸುತ್ತು ಹಾಕಿ ಹೋಗಲು ಸೋಮಾರಿತನ, ಅಷ್ಟೇ. ಪೊಲೀಸರು ನಿಲ್ಲಿಸಿದರು. ನಮ್ಮ ಬಿಳಿಯ ನಿಲುವಂಗಿ ನೋಡಿದರು. "ಓ, ಫಾದರಾ? ಹೋಗಿ ಫಾದರ್" ಎಂದು ಕೈಮುಗಿದರು. ನಾವೂ ಕೈಮುಗಿದು ಹೊರಟೆವು. ಆ ಹೊತ್ತಿಗೆ ಅದು ನಮಗೆ ಗೌರವದಂತೆ ಕಂಡಿತ್ತು.

ನಿಜವಾದ ಫಲಕವನ್ನು ಕಂಡೂ ಮೀರಿದ ನಮಗೆ ನಮಸ್ಕಾರ, ಫಲಕವೇ ಅಲ್ಲದ ತಗಡನ್ನು ಕಾಣದೆ ಹೋದ ಬಡ ಚಾಲಕನಿಗೆ ದಂಡ. ಈ ಎರಡು ಚಿತ್ರಗಳು ಅಂದು ಚರ್ಚಿನ ಮೆಟ್ಟಿಲ ಮೇಲೆ ನಮ್ಮೆದುರು ಅಕ್ಕಪಕ್ಕದಲ್ಲಿ ನಿಂತವು. "ನಾಳೆ ಬಾ, ತಿಳಿದವರನ್ನು ಕೇಳೋಣ" ಎಂದೆವು.

ಕಾನೂನು ಏನು ಹೇಳುತ್ತದೆ?

ನಮ್ಮ ಧರ್ಮಕೇಂದ್ರದಲ್ಲಿ ವಕೀಲಿ ಮಾಡುವ ಒಬ್ಬ ಹಿರಿಯರಿದ್ದಾರೆ. ಅವರು 1988ರ ಮೋಟಾರು ವಾಹನ ಕಾಯಿದೆಯ ಪುಸ್ತಕವನ್ನೇ ತಂದು ಮೇಜಿನ ಮೇಲೆ ಬಿಡಿಸಿಟ್ಟರು. ಅಂದು ಕಲಿತದ್ದನ್ನು ಓದುಗರಿಗೂ ಹೇಳುತ್ತೇವೆ. ವಾಹನ ಇಲ್ಲದ ಮನೆಯೇ ಈಗ ಅಪರೂಪವಲ್ಲವೇ?

ಯಾವ ರಸ್ತೆಯಲ್ಲಿ ಯಾವ ವಾಹನ ಹೋಗಬಾರದು ಎಂದು ನಿರ್ಬಂಧ ಹಾಕುವ ಅಧಿಕಾರ ಇರುವುದು ಸರಕಾರಕ್ಕೆ ಅಥವಾ ಸರಕಾರ ಅಧಿಕಾರ ಕೊಟ್ಟವರಿಗೆ. ಇದು 115ನೇ ಕಲಮು. ಹಾಗೆ ನಿರ್ಬಂಧಿಸುವಾಗ ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ತಕ್ಕ ಜಾಗದಲ್ಲಿ ತಕ್ಕ ಫಲಕವನ್ನೂ ನಿಲ್ಲಿಸಬೇಕು. ಒಂದು ತಿಂಗಳು ಮೀರದ ತಾತ್ಕಾಲಿಕ ನಿರ್ಬಂಧಕ್ಕೆ ರಾಜ್ಯಪತ್ರ ಬೇಡ, ಆದರೆ ಸ್ಥಳದಲ್ಲಿ ಜನರಿಗೆ ಆದಷ್ಟು ತಿಳಿಯಪಡಿಸಲೇಬೇಕು. 116ನೇ ಕಲಮಿನ ಪ್ರಕಾರ, ಕಾಯಿದೆಯ ಅನುಬಂಧದಲ್ಲಿ ಇರುವ ಉದ್ದೇಶಕ್ಕೆ ಫಲಕ ಹಾಕುವುದಾದರೆ ಅದರ ಅಳತೆ, ಬಣ್ಣ, ರೂಪ ಅಲ್ಲಿ ತೋರಿಸಿದಂತೆಯೇ ಇರಬೇಕು. ಬೇಕಾದರೆ ಸ್ಥಳೀಯ ಲಿಪಿಯಲ್ಲಿ ಬರಹ ಸೇರಿಸಬಹುದು. ಫಲಕವನ್ನು ಪಾಲಿಸುವುದು ಚಾಲಕನ ಕರ್ತವ್ಯ ಎಂದು ಹೇಳುವುದು 119ನೇ ಕಲಮು. ಆದರೆ ಯಾವ ಫಲಕ? ಅನುಬಂಧದ ಮೊದಲ ಭಾಗದಲ್ಲಿರುವ ಆಜ್ಞಾಫಲಕ, ಅಥವಾ ಅದನ್ನೇ ಹೋಲುವ, ಕೆಂಪು ಮೈಯೋ ಕೆಂಪು ಅಂಚೋ ಇರುವ ದುಂಡಗಿನ ಫಲಕ. ಅದೂ ಅಧಿಕಾರವುಳ್ಳವರು ನಿಲ್ಲಿಸಿದ್ದು. ಸೀರೆಯ ಚಿತ್ರವಿರುವ ಹಳದಿ ತಗಡು ಈ ಲೆಕ್ಕಕ್ಕೆ ಬರುವುದಿಲ್ಲ.

"ಫಾದರ್, ಇದು ವಕೀಲರ ಕುತರ್ಕವಲ್ಲ" ಎಂದರು ಆ ಹಿರಿಯರು. "ದುಂಡಗೆ ಇರಬೇಕು ಎಂದು ಬರೆದವರಿಗೆ ಕಾರಣ ಇತ್ತು."

ಕಾರಣ ನಿಜವಾಗಿಯೂ ಇದೆ. ಮೋಟಾರು ಗಾಡಿಗಳು ಹೊಸದಾಗಿ ಓಡತೊಡಗಿದ ಕಾಲದಲ್ಲಿ, 1909ರಲ್ಲಿ, ಯೂರೋಪಿನ ದೇಶಗಳು ಪ್ಯಾರಿಸ್ಸಿನಲ್ಲಿ ಸೇರಿ ನಾಲ್ಕೇ ನಾಲ್ಕು ಅಪಾಯದ ಚಿಹ್ನೆಗಳನ್ನು ಒಪ್ಪಿಕೊಂಡವು: ಉಬ್ಬುತಗ್ಗು, ತಿರುವು, ಅಡ್ಡರಸ್ತೆ, ರೈಲ್ವೆ ಗೇಟು. ಒಂದು ದೇಶದ ಚಾಲಕ ಇನ್ನೊಂದು ದೇಶಕ್ಕೆ ಹೋದಾಗ ಆ ಭಾಷೆ ಬಾರದಿದ್ದರೂ ಪ್ರಾಣ ಉಳಿಯಬೇಕು, ಅದಕ್ಕೆ ಅಕ್ಷರದ ಬದಲು ಚಿತ್ರ. 1968ರಲ್ಲಿ ವಿಯೆನ್ನಾದಲ್ಲಿ ಆದ ಒಪ್ಪಂದ ಇದನ್ನೇ ಬೆಳೆಸಿತು. ನಮ್ಮ ದೇಶದ ಫಲಕಗಳೂ ಆ ಮನೆತನದವೇ. ಇವುಗಳ ಅಳತೆ, ಬಣ್ಣ, ಎತ್ತರವನ್ನು ವಿವರಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ 67ನೇ ಸಂಖ್ಯೆಯ ಸಂಹಿತೆ ಹಲವು ಬಾರಿ ಪರಿಷ್ಕಾರವಾಗಿದೆ.

ಮಕ್ಕಳಿಗೂ ಹೇಳಿಕೊಡಬಹುದಾದ ಪಾಠ ಇದು: ದುಂಡಗಿನದು ಆಜ್ಞೆ, ತ್ರಿಕೋನ ಎಚ್ಚರಿಕೆ, ಚೌಕದ್ದು ಮಾಹಿತಿ. 'ನಿಲ್ಲಿ' ಎಂಬುದಕ್ಕೆ ಮಾತ್ರ ಎಂಟು ಮೂಲೆ, 'ದಾರಿ ಬಿಡಿ' ಎಂಬುದಕ್ಕೆ ತಲೆಕೆಳಗಾದ ತ್ರಿಕೋನ. ಧೂಳು ಮುಚ್ಚಿದರೂ ಆಕಾರ ನೋಡಿಯೇ ತಿಳಿಯಲಿ ಎಂದು ಹಾಗೆ. ಅಕ್ಷರ ಕಲಿಯದ ಅಜ್ಜನಿಗೂ, ತೆಲುಗು ಓದಿದ ಕನ್ನಡದ ಹುಡುಗನಿಗೂ, ಬಿಹಾರದಿಂದ ಬಂದ ಲಾರಿ ಚಾಲಕನಿಗೂ ಒಂದೇ ಸಲಕ್ಕೆ ಅರ್ಥವಾಗುವ ಭಾಷೆ ಅದು. ನಮ್ಮಂಥ ಗಡಿಯ ಸೀಮೆಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ? ಅಂಥ ಫಲಕವನ್ನು ತೆಗೆದು ಜಾಹೀರಾತಿನ ಮೂಲೆಯಲ್ಲಿ ಎರಡು ಪದ ಬರೆಸಿದರೆ, ಓದು ಬಾರದವರಿಗೂ ಪರಸ್ಥಳದವರಿಗೂ ಹೇಳಬೇಕಾದದ್ದನ್ನು ಹೇಳದೆ ದಂಡ ಮಾತ್ರ ಹಾಕಿದಂತಾಗುತ್ತದೆ.

ಇನ್ನೊಂದು ಮುಖವನ್ನೂ ಹೇಳಬೇಕು. 2022ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಬಳಿಯ ಹೋಪ್ ಫಾರ್ಮ್ ಸಿಗ್ನಲ್ಲಿನಲ್ಲಿ ಒಂದು ಫಲಕ ಎಲ್ಲರ ಬಾಯಲ್ಲೂ ಆಯಿತು. ಕೆಂಪು ಅಂಚಿನ ತ್ರಿಕೋನ, ಒಳಗೆ ನಾಲ್ಕು ಕಪ್ಪು ಚುಕ್ಕೆ. ಇದೇನು ಎಂದು ಒಬ್ಬರು ಚಿತ್ರ ತೆಗೆದು ಕೇಳಿದರು. ಸಂಚಾರ ಪೊಲೀಸರು ಉತ್ತರ ಕೊಟ್ಟರು: ಸಮೀಪದಲ್ಲಿ ಅಂಧ ಮಕ್ಕಳ ಶಾಲೆಯಿದೆ, ಅಂಧರು ರಸ್ತೆಯಲ್ಲಿ ಇರಬಹುದು, ನಿಧಾನವಾಗಿ ಹೋಗಿ ಎಂದು ಅದರ ಅರ್ಥ. ಆ ಫಲಕ ನಿಯಮದಂತೆಯೇ ಇತ್ತು. ತಿಳಿಯದೆ ಇದ್ದವರು ನಾವು. ಪರವಾನಗಿ ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿ ಮರುದಿನ ಮರೆತವರು. ಆದ್ದರಿಂದ 'ನನಗೆ ಅರ್ಥವಾಗಲಿಲ್ಲ' ಎನ್ನುವ ಮಾತು ಎಲ್ಲ ಸಲವೂ ನಡೆಯದು. ಫಲಕ ಸರಿಯಿಲ್ಲದಿದ್ದರೆ ಅದು ನಿಲ್ಲಿಸಿದವರ ತಪ್ಪು, ಸರಿಯಿದ್ದೂ ಕಲಿಯದಿದ್ದರೆ ನಮ್ಮ ತಪ್ಪು.

ಗುರುಮಠದ ಒಂದು ಪಾಠ

ಆ ಪುಸ್ತಕ ನೋಡುತ್ತಿದ್ದಾಗ ನಮಗೆ ಗುರುಮಠದ ತರಗತಿ ನೆನಪಾಯಿತು. ಹದಿಮೂರನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕಾನೂನಿಗೆ ನಾಲ್ಕು ಲಕ್ಷಣ ಹೇಳುತ್ತಾರೆ. ಅದು ವಿವೇಕದಿಂದ ಹುಟ್ಟಿರಬೇಕು, ಎಲ್ಲರ ಹಿತಕ್ಕಾಗಿ ಇರಬೇಕು, ಸಮುದಾಯದ ಹೊಣೆ ಹೊತ್ತವರು ಮಾಡಿರಬೇಕು, ನಾಲ್ಕನೆಯದಾಗಿ ಪ್ರಕಟವಾಗಿರಬೇಕು. ಪರೀಕ್ಷೆಗೆ ಓದುವಾಗ ಈ ನಾಲ್ಕನೆಯದನ್ನು ನಾವು ಸುಮ್ಮನೆ ಸಾಲಿಗೆ ಸೇರಿಸಿಕೊಂಡಿದ್ದೆವು. ಈಗ ಅದರ ತೂಕ ತಿಳಿಯಿತು. ಜನರಿಗೆ ತಲುಪದ ಕಟ್ಟಳೆ ಜನರನ್ನು ಕಟ್ಟುವುದು ಹೇಗೆ? ಧರ್ಮಸಭೆ ತನಗೂ ಇದನ್ನೇ ಅನ್ವಯಿಸಿಕೊಂಡಿದೆ. 1983ರ ಧರ್ಮಸಭಾ ಕಾನೂನು ಸಂಹಿತೆಯ 7ನೇ ನಿಯಮದ ಪ್ರಕಾರ ಒಂದು ಕಾನೂನು ಅಸ್ತಿತ್ವಕ್ಕೆ ಬರುವುದೇ ಅದನ್ನು ಪ್ರಕಟಿಸಿದಾಗ. ತನ್ನ ಅಲಕ್ಷ್ಯವಿಲ್ಲದೆ, ನಿಯಮ ಮೀರುತ್ತಿದ್ದೇನೆಂಬುದೇ ತಿಳಿಯದೆ ಮೀರಿದವನಿಗೆ ಶಿಕ್ಷೆಯಿಲ್ಲ ಎಂದು 1323ನೇ ನಿಯಮ ಹೇಳುತ್ತದೆ.

"ಅಧಿಕಾರಿಗಳಿಗೆ ವಿಧೇಯರಾಗಿರಬೇಕು ಎಂದು ಸಂತ ಪೌಲರೇ ಹೇಳಿಲ್ಲವೇ ಫಾದರ್?" ಎಂದು ಕೆಲವರು ಕೇಳಿಯಾರು. ಹೌದು, ರೋಮನರಿಗೆ ಬರೆದ ಪತ್ರದ 13ನೇ ಅಧ್ಯಾಯದಲ್ಲಿ ಹೇಳಿದ್ದಾರೆ. ಆದರೆ ಅದೇ ಪೌಲರು ಫಿಲಿಪ್ಪಿಯಲ್ಲಿ ಏನು ಮಾಡಿದರು? ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯ ತೆಗೆದು ನೋಡಿ. ವಿಚಾರಣೆಯಿಲ್ಲದೆ ಅವರನ್ನೂ ಸೀಲರನ್ನೂ ಹೊಡೆಸಿ ಸೆರೆಗೆ ಹಾಕಿದರು. ಬೆಳಗಾದ ಮೇಲೆ, ಸದ್ದಿಲ್ಲದೆ ಹೊರಟುಹೋಗಲಿ ಎಂದು ಅಧಿಕಾರಿಗಳು ಆಳುಗಳ ಕೈಯಲ್ಲಿ ಹೇಳಿಕಳಿಸಿದರು. ಪೌಲರು ಹೋಗಲಿಲ್ಲ. ರೋಮಿನ ಪ್ರಜೆಗಳಾದ ತಮ್ಮನ್ನು ಬಹಿರಂಗವಾಗಿ ಹೊಡೆಸಿ ಗುಟ್ಟಾಗಿ ಬಿಡುವುದೆಂದರೇನು, ಅವರೇ ಬಂದು ಕರೆದುಕೊಂಡು ಹೋಗಲಿ ಎಂದರು. ಅಧಿಕಾರಿಗಳು ಬಂದು ಕ್ಷಮೆ ಕೇಳಬೇಕಾಯಿತು. ಸೆರೆಮನೆಯ ಬಾಗಿಲು ತೆರೆದಾಗ ಓಡಿಹೋಗದೆ ಕುಳಿತಿದ್ದವರು ಅವರು, ಸೆರೆಕಾವಲಿನವನ ಪ್ರಾಣ ಉಳಿಸಿದವರು. ಅವರಿಗೆ ಹಟವೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ಫಿಲಿಪ್ಪಿಯಲ್ಲಿ ಹಿಂದೆ ಉಳಿಯುವ ಆ ಚಿಕ್ಕ ಕ್ರೈಸ್ತ ಸಮುದಾಯದ ಮೇಲೆ ನಾಳೆ ಯಾರೂ ಹೀಗೆ ಕೈ ಮಾಡದಿರಲಿ ಎಂಬ ಯೋಚನೆ ಅವರಿಗಿದ್ದಿರಬೇಕು ಎಂದು ನಮಗೆ ಅನ್ನಿಸುತ್ತದೆ. ಕಾನೂನನ್ನು ಗೌರವಿಸುವವನೇ ಕಾನೂನನ್ನು ಕೇಳಬಲ್ಲ.

ನ್ಯಾಯಾಲಯದ ದಿನಗಳು

ಮೊದಲ ದಿನ ನಾವೂ ಜೊತೆಗೆ ಹೋದೆವು. ನಿಲುವಂಗಿ ಹಾಕಿಕೊಳ್ಳದೆ ಸಾದಾ ಅಂಗಿಯಲ್ಲಿ ಹೋದೆವು, ಏಕೆಂದು ನಿಮಗೆ ಗೊತ್ತು. ಬೆಂಚಿನ ಮೇಲೆ ನಲವತ್ತು ಜನ. ಒಬ್ಬೊಬ್ಬರ ಹೆಸರು ಕರೆದಂತೆ ಹೋಗುತ್ತಾರೆ, ಒಪ್ಪಿಗೆ ಎನ್ನುತ್ತಾರೆ, ದಂಡ ಕಟ್ಟುತ್ತಾರೆ, ಹೊರಡುತ್ತಾರೆ. ಒಬ್ಬೊಬ್ಬರಿಗೆ ಒಂದು ನಿಮಿಷವೂ ಇಲ್ಲ. ನಮ್ಮ ಹುಡುಗನ ಸರದಿ ಬಂದಾಗ "ಒಪ್ಪುವುದಿಲ್ಲ ಮೇಡಂ" ಎಂದ. ಬರೆಯುತ್ತಿದ್ದ ನ್ಯಾಯಾಧೀಶೆ ತಲೆ ಎತ್ತಿದರು. ಸಿಟ್ಟಾಗಲಿಲ್ಲ. "ಏಕೆ?" ಎಂದರು. ಇವನು ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದ. ಮುದ್ರಿಸಿ ತರಲು ಹೇಳಿ ಇನ್ನೊಂದು ದಿನ ಕೊಟ್ಟರು. ಕಾನೂನು ಸೇವಾ ಸಮಿತಿಯಿಂದ ಖರ್ಚಿಲ್ಲದೆ ಒಬ್ಬ ಯುವ ವಕೀಲರೂ ಸಿಕ್ಕಿದರು.

ಮೂರು ಸಲ ಅಲೆದಾಟ ಆಯಿತು. ಆ ರಸ್ತೆಯನ್ನು ಏಕಮುಖ ಮಾಡಿದ ಆದೇಶ ಎಲ್ಲಿ, ಫಲಕ ನಿಲ್ಲಿಸಿದವರು ಯಾರು ಎಂದು ಕೇಳಿದಾಗ ತೋರಿಸಲು ಕಾಗದ ಇರಲಿಲ್ಲ. ತಗಡಿನ ಚಿತ್ರ ಮೇಜಿನ ಮೇಲಿತ್ತು. ಕೊನೆಗೆ ಅವನನ್ನು ಬಿಡುಗಡೆ ಮಾಡಿದರು. ಉಳಿದದ್ದು 500 ರೂಪಾಯಿ. ಹೋದದ್ದು ಮೂರು ದಿನದ ಬಾಡಿಗೆ, ಬಸ್ಸಿನ ಖರ್ಚು, ಊಟ. ರೂಪಾಯಿ ಲೆಕ್ಕದಲ್ಲಿ ನಮ್ಮ ಮೊದಲ ಬುದ್ಧಿವಾದವೇ ಸರಿಯಾಗಿತ್ತು.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಕೋರ್ಟು ಬಿಟ್ಟಿತು ಫಾದರ್. ಆದರೆ ಆ ದಿನ ಓಣಿಯಲ್ಲಿ ಒಬ್ಬ ಹೂವಿನ ಅಜ್ಜಿ ಇದ್ದಳು. ನನ್ನ ಗಾಡಿ ಬಂದದ್ದು ನೋಡಿ ಬುಟ್ಟಿ ಎಳೆದುಕೊಂಡು ಗೋಡೆಗೆ ಅಂಟಿಕೊಂಡಳು. ಅವಳು ಬಿಟ್ಟಳೋ ಇಲ್ಲವೋ."

ಬಂಧುಗಳೇ, ಈ ಮಾತನ್ನು ಯಾವ ನ್ಯಾಯಾಲಯವೂ ಅವನಿಂದ ಕೇಳಿರಲಿಲ್ಲ. ಅವನ ಮನಸ್ಸಾಕ್ಷಿ ಕೇಳಿತ್ತು. ಮುಂದಿನ ವಾರ ಆ ಪಟ್ಟಣಕ್ಕೆ ಹೋದಾಗ ಗಾಡಿಯನ್ನು ದೂರದಲ್ಲಿ ನಿಲ್ಲಿಸಿ ನಡೆದು ಹೋಗಿ ಅಜ್ಜಿಯ ಹತ್ತಿರ ತಾಯಿಗೆಂದು ಎರಡು ಮೊಳ ಮಲ್ಲಿಗೆ ಕೊಂಡ. ತಪ್ಪಾಯಿತಜ್ಜಿ ಎಂದ. ಅಜ್ಜಿಗೆ ಅವನ ನೆನಪೇ ಇರಲಿಲ್ಲ. "ದಿನಾ ಹತ್ತು ಗಾಡಿ ಹಿಂಗೇ ನುಗ್ತಾವಪ್ಪಾ. ನಾಲ್ಕು ಗಂಟೆಗೆ ಇಸ್ಕೂಲು ಬಿಡ್ತದೆ, ಹುಡುಗರು ಇದೇ ಸಂದಿಯಾಗ ಓಡಿ ಬರ್ತಾವೆ, ಎದೆ ಝಲ್ ಅಂತದೆ" ಎಂದಳಂತೆ.

ರಸ್ತೆಯನ್ನು ಏಕಮುಖ ಮಾಡಬೇಕೆಂದವರಿಗೆ ಒಳ್ಳೆಯ ಕಾರಣವೇ ಇತ್ತು ಎಂಬುದು ಆಗ ತಿಳಿಯಿತು. ಮಕ್ಕಳು ಓಡಿ ಬರುವ ಓಣಿ. ಕಾರಣ ಸರಿ, ಅದನ್ನು ಹೇಳಿದ ರೀತಿ ತಪ್ಪು. 2022ನೇ ಒಂದು ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ಲೆಕ್ಕ ಹೇಳುತ್ತದೆ. ಅಂಥ ದೇಶದಲ್ಲಿ ಒಂದು ಫಲಕ ಸರಿಯಾಗಿ ನಿಲ್ಲುವುದು ಸಣ್ಣ ವಿಷಯವಲ್ಲ. ದಂಡದಿಂದ ಪಾರಾದೆವೆಂದು ಮನೆಗೆ ಬಂದು ಮಲಗಿದರೆ ನಮ್ಮ ಗೆಲುವು ಅರ್ಧಕ್ಕೇ ನಿಂತಂತೆ. ಅದಕ್ಕೇ ಒಂದು ಮನವಿ ಬರೆದೆವು. ಆದೇಶ ಹೊರಡಿಸಿ, ದುಂಡಗಿನ ಸರಿಯಾದ ಫಲಕ ಹಾಕಿ, ಶಾಲೆಯ ಎಚ್ಚರಿಕೆಯ ತ್ರಿಕೋನವನ್ನೂ ಹಾಕಿ, ಕೊಂಬೆ ಕಡಿಸಿ ಎಂದು. ಮೊದಲ ಸಹಿ ಆ ಯುವಕನದು, ತೆಲುಗಿನಲ್ಲಿ. ಎರಡನೆಯದು ಹೂವಿನ ಅಜ್ಜಿಯ ಹೆಬ್ಬೆಟ್ಟು. ಶಾಲೆಯ ಶಿಕ್ಷಕರು, ಅಂಗಡಿಯವರು, ನಾವು, ಹೀಗೆ ಇಪ್ಪತ್ತಾರು ಜನ. ಕೆಲವು ತಿಂಗಳ ನಂತರ ಅಲ್ಲಿ ಕೆಂಪು ಫಲಕ ಬಂತು. ಸೀರೆಯ ತಗಡು ಪಕ್ಕದ ಗೋಡೆಗೆ ಹೋಯಿತು, ಅದರ ಜಾಗ ಅದೇ.

ನಿಮಗೂ ಇಂಥ ಸಂದರ್ಭ ಬಂದರೆ

ರಸ್ತೆಯಲ್ಲಿ ನಿಂತು ವಾದ ಮಾಡಬೇಡಿ. ಪೊಲೀಸರು ಬಿಸಿಲಿನಲ್ಲಿ ನಿಂತು ದುಡಿಯುವವರು. ಫಲಕ ಸರಿಯಿರಲಿ ಇಲ್ಲದಿರಲಿ, ಎದುರಿಗೆ ನಿಂತ ಪೊಲೀಸರು ಕೈ ತೋರಿಸಿದರೆ ಪಾಲಿಸಬೇಕೆಂದು ಅದೇ 119ನೇ ಕಲಮು ಹೇಳುತ್ತದೆ. ರಸೀದಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ಹಾಗೆ ಕೊಟ್ಟದ್ದು ದಂಡವಲ್ಲ, ಲಂಚ. ಫಲಕದ ಚಿತ್ರವನ್ನು ಅಂದೇ ತೆಗೆಯಿರಿ, ಚಾಲಕನಿಗೆ ಕಾಣುವ ದೂರದಿಂದಲೂ ಹತ್ತಿರದಿಂದಲೂ. ಕಾಗದದಲ್ಲಿ ಬರೆದ ದಿನಾಂಕ ತಪ್ಪಿಸಬೇಡಿ. ಕ್ಯಾಮೆರಾದಿಂದ ಹಿಡಿಯುವ ರಸ್ತೆಗಳಲ್ಲಿ ಎದ್ದು ಕಾಣುವಂತೆ ಎಚ್ಚರಿಕೆಯ ಫಲಕ ಇರಬೇಕೆಂದು 2021ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ನಿಯಮ ಮಾಡಿತು, ಅದನ್ನೂ ಗಮನಿಸಿ. ವಕೀಲರಿಗೆ ಹಣವಿಲ್ಲದಿದ್ದರೆ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಡಿಮೆ ಆದಾಯದವರಿಗೆ ಉಚಿತ ನೆರವಿದೆ. ತಾಲೂಕು ನ್ಯಾಯಾಲಯದಲ್ಲೇ ಕೇಳಬಹುದು.

ಎಲ್ಲಕ್ಕಿಂತ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ನಾನು ನಿಜವಾಗಿ ತಪ್ಪು ಮಾಡಿದೆನೇ? ಮಾಡಿದ್ದರೆ ಕಟ್ಟಿಬಿಡಿ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರ ಹಳೆಯ ಸಂಚಾರ ದಂಡಗಳಿಗೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಜಮೆಯಾಯಿತು. ಅವುಗಳಲ್ಲಿ ಬಹುಪಾಲು ಹೆಲ್ಮೆಟ್ ಇಲ್ಲದ, ಸಿಗ್ನಲ್ ಹಾರಿದ ನಮ್ಮ ನಿಮ್ಮ ತಪ್ಪುಗಳೇ ಇದ್ದಿರಬೇಕು. ಫಲಕದ ಬಣ್ಣ ಸರಿಯಿಲ್ಲ ಎಂಬ ನೆಪ ಹುಡುಕಿ ನಿಜವಾದ ತಪ್ಪನ್ನು ಮುಚ್ಚಲು ಈ ಬರಹ ಆಧಾರವಾಗದಿರಲಿ. 2007ರಲ್ಲಿ ವ್ಯಾಟಿಕನ್ ರಸ್ತೆಯ ಪಾಲನಾ ಸೇವೆಗಾಗಿ ಮಾರ್ಗಸೂಚಿಯೊಂದನ್ನು ಹೊರಡಿಸಿ ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಕೊಲ್ಲಬಾರದು ಎಂಬುದೇ ಅದರ ಮೊದಲನೆಯದು. ಅದಕ್ಕೆ ಫಲಕ ಬೇಕಿಲ್ಲ.

ಕೊನೆಗೆ ಮನೆಯ ಮಾತು. ತಂದೆತಾಯಿಯರೇ, ನಾವು ಮಕ್ಕಳಿಗೆ ಎಷ್ಟೋ ಸಲ ಹೇಳದ ನಿಯಮಕ್ಕೆ ಏಟು ಕೊಡುತ್ತೇವೆ. ನೆಂಟರೆದುರು ಹಾಗೆ ಮಾತಾಡಬಹುದೇ ಎಂದು ಗದರಿಸುತ್ತೇವೆ. ಹೇಗೆ ಮಾತಾಡಬೇಕೆಂದು ಮೊದಲು ಹೇಳಿದ್ದೆವೇ? ಸೊಸೆ ಬಂದ ಮೊದಲ ವಾರದಲ್ಲೇ 'ನಮ್ಮ ಮನೆಯಲ್ಲಿ ಹೀಗಿಲ್ಲ' ಎಂದು ಮುಖ ಸಿಂಡರಿಸುತ್ತೇವೆ. ಹೇಗಿದೆ ಎಂದು ಅವಳಿಗೆ ತೋರಿಸಿದವರು ಯಾರು? ಗುರುಗಳಾದ ನಾವೂ ಧರ್ಮಕೇಂದ್ರದ ಕಟ್ಟಳೆಗಳನ್ನು ಸೂಚನಾಫಲಕದ ಮೂಲೆಯಲ್ಲಿ ಅಂಟಿಸಿ, ಓದದವರ ಮೇಲೆ ರೇಗುತ್ತೇವೆ. ಮೊದಲು ಕಾಣುವಂತೆ ಹೇಳೋಣ, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ ಹೇಳೋಣ. ಶಿಕ್ಷೆಯ ಮಾತು ಆಮೇಲೆ.

ಅಂದು ಬಿಳಿಯ ನಿಲುವಂಗಿ ಉಳಿಸಿದ ನಮ್ಮ 500 ರೂಪಾಯಿ ಇನ್ನೂ ಸಾಲವೇ. ಈಗ ಕಟ್ಟಲು ಹೋದರೆ ಯಾವ ಕೌಂಟರಿನಲ್ಲೂ ತೆಗೆದುಕೊಳ್ಳುವುದಿಲ್ಲ. ಆ ಹಣವನ್ನು ಧರ್ಮಕೇಂದ್ರದ ಬಡ ಚಾಲಕರ ಆಪತ್ಕಾಲದ ಪೆಟ್ಟಿಗೆಗೆ ಹಾಕಿದ್ದೇವೆ. ಇನ್ನೊಮ್ಮೆ ಯಾರಾದರೂ ನಮ್ಮನ್ನು ನಿಲ್ಲಿಸಿ "ಹೋಗಿ ಫಾದರ್" ಎಂದರೆ, ಬೈಕು ಬದಿಗೆ ಹಾಕಿ ರಸೀದಿ ಬರೆಸಿಕೊಂಡೇ ಹೋಗುತ್ತೇವೆ ಎಂದು ನಿಮ್ಮೆಲ್ಲರ ಮುಂದೆ ಮಾತು ಕೊಡುತ್ತಿದ್ದೇವೆ.

ಸಂತ ಕ್ರಿಸ್ಟೋಫರರು ನಿಮ್ಮ ದಾರಿ ಕಾಯಲಿ. ಪ್ರಭು ನಿಮ್ಮ ಕುಟುಂಬಗಳನ್ನು ಆಶೀರ್ವದಿಸಲಿ.